ಮುತ್ತಣ್ಣ ಮಾಸ್ತರರ ಗಾಜಿನ ಕೆರೆ

ಕೂಡಿದ ಹಿರಿಯರಿಗೆ, ತಾಯಂದಿರಿಗೆ, ನಮ್ಮ ಶಾಲೆಯ ಹಳೆಯ ಮತ್ತು ಹೊಸ ವಿದ್ಯಾರ್ಥಿಗಳಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಮಾಸ್ತರರ ತಾಯಿ ಹೊನ್ನವ್ವನವರಿಗೆ, ಮಡದಿ ನಿರ್ಮಲಾ ವೈನಿಯವರಿಗೆ — ಶರಣು.

ಮೊದಲಿಗೆ ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳ ಸಮಸ್ತ ಜನತೆ ಕಿವಿಗೊಟ್ಟು ಕೇಳಬೇಕಾದ ಒಂದು ಮಹತ್ವದ ಘೋಷಣೆ. ಇಂದು ಮುಂಜಾನೆ, ಈ ಶಾಲೆಯ ಹಿಂದಿನ ಓಣಿಯಲ್ಲಿ, ನಮ್ಮ ಪಿ.ಟಿ. ಮಾಸ್ತರರಾಗಿದ್ದ ದಿವಂಗತ ಮುತ್ತಣ್ಣನವರ ಮನೆಯ ಪಡಸಾಲೆಯಲ್ಲಿ, ಮೂರು ಫೂಟಿನ ಗಾಜಿನ ತೊಟ್ಟಿಯೊಂದರಿಂದ ಎರಡು ಬಕೆಟ್ ನೀರು ಹೊರಗೆ ಬಂದಿದೆ. ಎರಡು ಬಕೆಟ್ ನೀರು ಒಳಗೆ ಹೋಗಿದೆ.

ಇಷ್ಟೇ. ಘೋಷಣೆ ಮುಗಿಯಿತು.

ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ಶೋಕಸಭೆಗೆ ಕರೆದರೆ ಈತ ಬಕೆಟಿನ ಲೆಕ್ಕ ಹೇಳುತ್ತಾನಲ್ಲ ಎಂದು. ತಡೆಯಿರಿ. ಆ ಎರಡು ಬಕೆಟ್ ಎಷ್ಟು ಭಾರ ಇದ್ದವು ಎಂಬುದನ್ನು ಹೇಳುವುದಕ್ಕೇ ನಾನು ಇಲ್ಲಿ ನಿಂತಿದ್ದೇನೆ. ಹೊತ್ತವನು ನಾನು.

ಇನ್ನೊಂದು ಮಾತು. ವೇದಿಕೆಯ ಮರ್ಯಾದೆಗೆ 'ಮುತ್ತಣ್ಣನವರು' ಎಂದು ಒಮ್ಮೆ ಅಂದಿದ್ದೇನೆ. ಇನ್ನು ನನ್ನಿಂದ ಆಗುವುದಿಲ್ಲ. ಒಂದೇ ಸ್ಟಾಫ್ ರೂಮು, ಒಂದೇ ಬೆಂಚು, ಒಂದೇ ಡಬ್ಬಿಯ ಶೇಂಗಾ ಚಟ್ನಿ. ಅವನನ್ನು ಅವನು ಎಂದೇ ಕರೆಯುತ್ತೇನೆ. ಹಿರಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅವನ ದನಿ ನಿಮಗೆಲ್ಲ ಗೊತ್ತು. ಇಲ್ಲಿರುವ ಅರ್ಧಕ್ಕರ್ಧ ಜನ ಆ ದನಿಗೆ ಹೆದರಿ ಓಡಿದವರೇ. ಅವನು ಮೈದಾನದಲ್ಲಿ ನಿಂತು "ಸಾವಧಾನ್!" ಎಂದರೆ ಮಕ್ಕಳಷ್ಟೇ ಅಲ್ಲ, ಬೇಲಿಯಾಚೆ ಮೇಯುತ್ತಿದ್ದ ಆಡುಗಳೂ ನೆಟ್ಟಗೆ ನಿಲ್ಲುತ್ತಿದ್ದವು. ಸೀಟಿ ಊದಿದರೆ ಬಸ್ ಸ್ಟ್ಯಾಂಡಿನಲ್ಲಿ ಹೊರಟ ಬಸ್ಸು ನಿಲ್ಲುತ್ತಿತ್ತು — ಈ ಸುದ್ದಿಯನ್ನು ಹಬ್ಬಿಸಿದವನು ನಾನೇ. ಅವನೂ ಅಲ್ಲಗಳೆಯಲಿಲ್ಲ.

ಅಂಥ ಮನುಷ್ಯ ಮನೆಗೆ ಹೋದ ಮೇಲೆ ಏನು ಮಾಡುತ್ತಿದ್ದ? ಬರೀ ಬನಿಯನ್ನಿನಲ್ಲಿ, ಒಂದು ಗಿಡ್ಡ ಮಣೆಯ ಮೇಲೆ, ಆ ಗಾಜಿನ ತೊಟ್ಟಿಯ ಮುಂದೆ, ತುಟಿ ಎರಡು ಮಾಡದೆ ಕೂತಿರುತ್ತಿದ್ದ. ಒಳಗೆ ಹಸಿರು ಗಿಡಗಳು. ಗಿಡಗಳ ನಡುವೆ ಬೆರಳಿನ ಉಗುರಿನಷ್ಟು ಮೀನುಗಳು. ಮೊದಲ ಸಲ ನಾನು ಹೋದಾಗ ಬಾಗಿಲಲ್ಲೇ ಕೈ ಅಡ್ಡ ಹಿಡಿದು ಪಿಸುಗುಟ್ಟಿದ —

"ಸಾವಕಾಶ ಬಾರೋ. ಗದ್ದಲ ಮಾಡಬ್ಯಾಡ. ಹೊಸಾ ಎಲಿ ಬಿಚ್ಚಾಕತ್ತೈತಿ."

ಎಲೆ ಬಿಚ್ಚುವಾಗ ಸದ್ದು ಮಾಡಬಾರದಂತೆ! ಯಾರು? ಮೂರು ಓಣಿಗೆ ಕೇಳುವಂತೆ ಕೆಮ್ಮುವ ಮುತ್ತಣ್ಣ!

ಆ ತೊಟ್ಟಿ ಊರಿಗೆ ಬಂದದ್ದೇ ಒಂದು ಮೆರವಣಿಗೆ. ಗಜೇಂದ್ರಗಡದಲ್ಲಿ ಗಾಜಿನ ಕೆಲಸದವನ ಹತ್ತಿರ ಹೇಳಿ ಮಾಡಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ರೋಣಕ್ಕೆ ತಂದ. ಪಕ್ಕದಲ್ಲಿ ನಾನು. ಕಂಡಕ್ಟರ್ ಬಂದು ತಲೆ ಕೆರೆದುಕೊಂಡ.

"ಏನ್ರಿ ಸರ್ ಇದು? ಲಗೇಜೋ, ಪ್ಯಾಸೆಂಜರೋ?"

"ಕೆರಿ ಐತ್ರಿ," ಎಂದ ಮುತ್ತಣ್ಣ ಗಂಭೀರವಾಗಿ.

"ಕೆರಿಗೆ ಪೂರಾ ಟಿಕೀಟ ಆಗ್ತೈತಿ ನೋಡ್ರಿ."

"ಖಾಲಿ ಐತ್ರಿ. ಇನ್ನಾ ನೀರು ಬಂದಿಲ್ಲ. ನಮ್ಮೂರ ನಳದಂಗ."

ಇಡೀ ಬಸ್ಸು ನಕ್ಕಿತು. ನಕ್ಕದ್ದಷ್ಟೇ ಅಲ್ಲ, ಪ್ರತಿ ತಗ್ಗು ಬಂದಾಗಲೂ "ಕೆರಿ ಹಿಡೀರಿ, ಕೆರಿ ಹಿಡೀರಿ" ಎಂದು ಅಪರಿಚಿತರೆಲ್ಲ ಆ ಗಾಜಿಗೆ ಕೈ ಕೊಟ್ಟರು. ಅಂದಿನಿಂದ ಅದರ ಹೆಸರು ಕೆರೆ.

ಇನ್ನು ಬಿತ್ತನೆ. ಇವನು ರಾಜೂರದ ಒಕ್ಕಲುತನದ ಮನೆಯ ಮಗ. ಗಿಡ ಬೆಳೆಯಬೇಕು ಎಂದರೆ ಏನು ಬೇಕು? ಎರೆ ಮಣ್ಣು ಬೇಕು, ತಿಪ್ಪೆಯ ಗೊಬ್ಬರ ಬೇಕು. ಹೊಲದಿಂದ ಚೀಲ ತುಂಬಿಸಿ ತಂದು ತಳಕ್ಕೆ ಹಾಕಿದ, ನೀರು ಬಿಟ್ಟ, ಗಿಡ ನೆಟ್ಟ, ಅವತ್ತೇ ಮೀನೂ ಬಿಟ್ಟ. ಮರುದಿನ ನೋಡಿದರೆ ತೊಟ್ಟಿಯಲ್ಲಿ ರಾಗಿ ಅಂಬಲಿ! ವಾಸನೆಗೆ ಬೆಕ್ಕು ಕೂಡ ಪಡಸಾಲೆಗೆ ಬರಲಿಲ್ಲ. ಪಾಪ, ಮೀನುಗಳು ಉಳಿಯಲಿಲ್ಲ. ಆಗ ಹೊನ್ನವ್ವ ಸೊಂಟದ ಮೇಲೆ ಕೈ ಇಟ್ಟು ಅಂದ ಮಾತು ನಮ್ಮ ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಓಡಾಡುತ್ತದೆ —

"ನಿಮ್ಮಪ್ಪ ಹೊಲದಾಗಿನ ಹುಲ್ಲು ಕಿತ್ತು ಕಿತ್ತು ಬೆನ್ನು ಬಾಗಿಸಿಕೊಂಡ. ನೀ ನೀರಾಗ ಹುಲ್ಲು ಬೆಳಸಾಕ ಹೊಂಟೀ? ಮ್ಯಾಲ ತಿಪ್ಪಿ ಬ್ಯಾರೆ! ತಿಪ್ಪಿ ತಿಂದು ಬದಕಾಕ ಅವೇನು ಜ್ವಾಳದ ದಂಟೇನೋ ಹುಚ್ಚಪ್ಪಾ?"

ಹೌದಲ್ಲ, ಯವ್ವಾ? ಅಂದಿದ್ದಿರಿ. ನೀವು ಬೈದರೆ ಅವನಿಗೆ ಊಟ ರುಚಿಸುತ್ತಿತ್ತು.

ಮುತ್ತಣ್ಣ ಎಲ್ಲ ತೆಗೆದು ಹೊರಗೆ ಚೆಲ್ಲಿದ. ಮತ್ತೆ ಶುರು ಮಾಡಿದ. ಗೊಬ್ಬರ ಬಿಟ್ಟ. ಮಣ್ಣನ್ನು ನೆನೆಸಿ, ಒಣಗಿಸಿ, ಜರಡಿ ಹಿಡಿದು ತೆಳ್ಳಗೆ ಹಾಸಿದ. ಅದರ ಮೇಲೆ ಹೊಳೆಆಲೂರಿನಿಂದ ತಂದು ತೊಳೆದ ಮಲಪ್ರಭೆಯ ಉಸುಕನ್ನು ದಪ್ಪಗೆ ಮುಚ್ಚಿದ. ಗಿಡ ನೆಟ್ಟ. ನೀರು ಬಿಟ್ಟ. ಆಮೇಲೆ — ಏನೂ ಮಾಡಲಿಲ್ಲ. ಸುಮ್ಮನೆ ಕೂತ. ವಾರಗಟ್ಟಲೆ ಬರೀ ಗಿಡ, ಬರೀ ನೀರು. ಓಣಿಯ ಜನ ಬಂದು ಇಣುಕಿ, "ಸರ್, ಮೀನೆಲ್ಲಿ?" ಎಂದರೆ, "ನೀರು ಇನ್ನಾ ಕಾಯಿ ಐತ್ರಿ, ಹಣ್ಣಾಗಬೇಕು" ಎನ್ನುತ್ತಿದ್ದ. ಗಿಡ ಬೇರು ಬಿಡಬೇಕು, ಉಸುಕಿನಲ್ಲಿ ಕಣ್ಣಿಗೆ ಕಾಣದ ಜೀವಗಳು ನೆಲೆ ನಿಲ್ಲಬೇಕು, ಹೊಲಸನ್ನು ಅವು ಅರಗಿಸಿಕೊಳ್ಳುವುದು ಕಲಿಯಬೇಕು. ಆಮೇಲೆ ಮೀನು. ಮಾವಿನಕಾಯಿ ಅಡೆ ಹಾಕಿದ ಹಾಗೆ ನೀರನ್ನು ಹಣ್ಣು ಮಾಡಿದ ಮನುಷ್ಯ ಈ ಸೀಮೆಯಲ್ಲಿ ಇವನೊಬ್ಬನೇ ಇರಬೇಕು.

ಅದೂ ಎಂಥ ಊರಿನಲ್ಲಿ? ನಳದ ನೀರು ಬರುವ ದಿನ ಹಬ್ಬ ಮಾಡುವ ಊರಿನಲ್ಲಿ! ಬೋರಿನದು ಸವಳು, ಅದನ್ನು ಹಾಕಿದರೆ ಗಾಜಿಗೆ ಬಿಳಿ ಕಟ್ಟುತ್ತದೆ. ಅದಕ್ಕೇ ಮಾಳಿಗೆಯ ಮಳೆ ನೀರನ್ನು ಕೊಡಗಳಲ್ಲಿ ಹಿಡಿದಿಡುತ್ತಿದ್ದ. "ಮಂದಿಗೆ ಕುಡಿಯಾಕ ಇಲ್ಲ, ಮಾಸ್ತರ ಹುಲ್ಲಿಗೆ ಜಳಕಾ ಮಾಡಸ್ತಾನ" ಎಂದು ಆಡಿಕೊಂಡವರಲ್ಲಿ ನಾನು ಮೊದಲನೆಯವನು. ಆದರೆ ವಾರಕ್ಕೊಮ್ಮೆ ತೆಗೆದ ಹಳೆಯ ನೀರನ್ನು ಪಕ್ಕದ ಮನೆಯ ಶಬಾನಾ ಟೀಚರ್ ತಮ್ಮ ಕರಿಬೇವಿಗೆ ಹಾಕಿದರು ನೋಡಿ — ಆ ಗಿಡ ಮಾಳಿಗೆ ಮುಟ್ಟಿತು! ಆಮೇಲೆ ಇಡೀ ಓಣಿಯೇ ತಂಬಿಗೆ ಹಿಡಿದು ಸಾಲುಗಟ್ಟಿತು. "ಸರ್, ಮೀನಿನ ನೀರು ಯಾವಾಗ ತಗೀತೀರಿ?"

ಕಿಟಕಿಯ ಬಿಸಿಲು ಹೆಚ್ಚಾಗಿ ತೊಟ್ಟಿಯಲ್ಲಿ ಪಾಚಿ ಬಂತು. ಬಿಸಿಲು ತಡೆಯಲು ಪರದೆ ಬೇಕಾಯಿತು. ಗಜೇಂದ್ರಗಡದಿಂದ ವೈನಿಗೆಂದು ತಂದ ಹೊಸ ನೂಲಿನ ಸೀರೆ ಕಿಟಕಿ ಏರಿತು. ವೈನಿ ನನ್ನನ್ನು ಕರೆದು ಪಂಚಾಯಿತಿ ಮಾಡಿಸಿದರು. "ನೋಡ್ರಿ ಸರ, ನನಗ ತಂದ ಸೀರಿ ಮೀನಿಗೆ ಉಡಿಸ್ಯಾರ. ನಾ ಏನ್ ಬಾವಿಗೆ ಬೀಳ್ಲೇನು?" ಮುತ್ತಣ್ಣ ಅಂದ — "ಬಾವಿಗೆ ಬ್ಯಾಡ, ಕೆರಿಗೆ ಬೀಳು. ಅಲ್ಲೇ ಇರ್ತೀನಿ ನಾನು."

ಅಲ್ಲೇ ಇರ್ತೀನಿ ಅಂದಿದ್ದ.

ಇನ್ನೊಂದು ಗುಟ್ಟು. ಹೆಡ್ ಮಾಸ್ತರರು ವೇದಿಕೆಯ ಮೇಲಿದ್ದಾರೆ, ಇವತ್ತು ಅವರು ಸಿಟ್ಟಾಗುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳುತ್ತೇನೆ. ಶಾಲೆಯ ವಾಲಿಬಾಲ್ ನೆಟ್ಟು ವರ್ಷ ವರ್ಷ ಸಣ್ಣಗಾಗುತ್ತಿತ್ತಲ್ಲ? ಹೆಡ್ ಮಾಸ್ತರರು ಕೇಳಿದ್ದರು, "ಮುತ್ತಣ್ಣೋರ, ನೆಟ್ಟಿನ್ಯಾಗ ಎಮ್ಮಿ ಹಾಯ್ದು ಹೋಗುವಂಥಾ ತೂತು ಬಿದ್ದಾವಲ್ರೀ?" ಇವನು ಕಣ್ಣು ಪಿಳುಕಿಸದೆ, "ಹುಡುಗೂರ ಹೊಡತ ಭಾಳ ಜೋರ ಆಗೈತ್ರಿ ಸರ್" ಎಂದ. ಆ ನೆಟ್ಟಿನ ದಾರ ಎಲ್ಲಿದೆ ಗೊತ್ತೇ? ಕೆರೆಯ ಒಳಗಿದೆ. ಜಾವಾ ಫರ್ನ್ ಅಂತ ಒಂದು ಗಿಡ, ಅದನ್ನು ಕಲ್ಲಿಗೆ ಕಟ್ಟಬೇಕು. ಒಂದು ಸಂಜೆ ನಾನು ಸಹಾಯ ಮಾಡಲು ಹೋಗಿ ಅದರ ಗಡ್ಡೆಯನ್ನು ಉಸುಕಿನಲ್ಲಿ ಒತ್ತುತ್ತಿದ್ದೆ. ಕೈ ಹಿಡಿದ.

"ಹೂಳಬ್ಯಾಡೋ. ಹೂಳಿದ್ರ ಕೊಳೀತೈತಿ. ಇದು ಮ್ಯಾಲ ಇದ್ರನ ಬದುಕೂದು."

ಅವನಿಗೆ ಮಣ್ಣು ಕೊಡುವ ಹೊತ್ತಿಗೆ, ರಾಜೂರದ ಆ ಎರೆ ಹೊಲದಲ್ಲಿ, ನಾನೂ ಒಂದು ಹಿಡಿ ಮಣ್ಣು ಹಿಡಿದು ನಿಂತಿದ್ದೆ. ಅವನ ಕೈ ನನ್ನ ಕೈ ಹಿಡಿದ ಹಾಗಾಯಿತು. ನನ್ನ ಹಿಡಿಯಲ್ಲಿದ್ದದ್ದು ಬಹಳ ಹೊತ್ತು ಕೆಳಗೆ ಬೀಳಲಿಲ್ಲ.

— ಒಂದು ನಿಮಿಷ, ನೀರು ಕುಡಿಯುತ್ತೇನೆ.

— ಹೂಂ. ಹೇಳುತ್ತೇನೆ.

ಅವನು ಹೋದ ಆದಿತ್ಯವಾರ ಏನಾಯಿತು ಎಂದು ಎಲ್ಲರೂ ವೈನಿಯನ್ನು ಕೇಳಿದ್ದೀರಿ. ಇನ್ನು ಅವರನ್ನು ಕೇಳಬೇಡಿ. ಅವರ ಬದಲು ನಾನೇ ಹೇಳಿಬಿಡುತ್ತೇನೆ. ನೀರು ಬದಲಿಸುವ ದಿನ. ಕೆರೆಗೆ ಪೈಪು ಇಳಿಬಿಟ್ಟು, ಬಾಯಿಂದ ಎಳೆದು, ಬಕೆಟಿಗೆ ಬಿಟ್ಟ. ಸೀಟಿ ಊದುವ ಬಾಯಿ, ಎಳೆಯುವುದರಲ್ಲೂ ಪೈಲ್ವಾನ. ಒಳಗೆ ಕೂಗಿ ಹೇಳಿದ — "ನಿರ್ಮಲಾ, ಅರ್ಧ ಕಪ್ ಚಾ ಇಡು. ಬಕೀಟ ತುಂಬೂದ್ರಾಗ ಬರ್ತೀನಿ."

ಚಹಾ ಕುದಿಯಿತು. ಸೋಸಿದ್ದಾಯಿತು. ಅಡುಗೆಮನೆಯ ಹೊಸ್ತಿಲಿಗೆ ನೀರು ಹರಿದು ಬಂತು. ವೈನಿ ಕಪ್ಪು ಹಿಡಿದುಕೊಂಡೇ ಬೈಯುತ್ತ ಬಂದರು — "ಏನ್ರಿ, ಮನಿ ತುಂಬ ಕೆರಿ ಮಾಡಿಟ್ಟೀರಲ್ಲ! ಒರಸವರ‍್ಯಾರು?" ಅವನು ಮಣೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಪೈಪಿನ ತುದಿ ಕೈಯಲ್ಲೇ ಇತ್ತು. ಬಕೆಟು ತುಂಬಿ ಹರಿಯುತ್ತಿತ್ತು. ಮುಖ ಕೆರೆಯ ಕಡೆಗಿತ್ತು.

ಎದೆ ನಿಂತಿತ್ತು. ನೀರು ಹರಿಯುತ್ತಲೇ ಇತ್ತು.

ಎಲ್ಲರೂ ಅವನ ಕಡೆ ಓಡಿದರು. ಎತ್ತಿದರು, ದವಾಖಾನೆಗೆ ಒಯ್ದರು, ತಿರುಗಿ ತಂದರು. ಶಬಾನಾ ಟೀಚರ್ ಆಮೇಲೆ ನನಗೆ ಹೇಳಿದರು: "ನನಗ ಏನ್ ಮಾಡಬೇಕಂತ ತಿಳೀಲಿಲ್ರಿ. ಕೆರಿ ತಳಾ ಕಾಣಾಕತ್ತಿತ್ತು. ಗಿಡಾ ಎಲ್ಲಾ ಮಲಗಿದ್ವು. ಪೈಪ್ ಕಿತ್ತೆ. ಸರ್ ತುಂಬಿಸಿ ಇಟ್ಟಿದ್ದ ಕೊಡಾ ಹಂಗ ಇದ್ವು, ಹಾಕಿದೆ. ಅಷ್ಟ." ಅವನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಅವರು ಮುಗಿಸಿದರು. ಗಿಡಗಳು ಮತ್ತೆ ಎದ್ದು ನಿಂತವು.

ಈಗ ಇಲ್ಲಿಂದ ಮುಂದಿನದು ನಮ್ಮೆಲ್ಲರಿಗೆ ಸಂಬಂಧಿಸಿದ್ದು. ಮೈಮೇಲೆ ಎಚ್ಚರ ಇಟ್ಟು ಕೇಳಿ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು, ನೆರೆಯವರು ಬುತ್ತಿ ತರುತ್ತಾರೆ. ಇದು ನಮ್ಮ ಕಡೆಯ ರೀತಿ, ಬಹಳ ದೊಡ್ಡ ರೀತಿ. ಇಟಗಿಯಿಂದ ಬಂತು, ರಾಜೂರದಿಂದ ಬಂತು, ನರಗುಂದದಿಂದ ಬಂತು. ಪಡಸಾಲೆಯಲ್ಲಿ ರೊಟ್ಟಿಯ ಗುಡ್ಡ. ಉಣ್ಣುವವರು ಯಾರೂ ಇಲ್ಲ. ಹೊನ್ನವ್ವ ಕೆರೆಯ ಮುಂದೆ, ಮಗನ ಮಣೆಯ ಮೇಲೆ ಕೂತಿದ್ದರು. ಯಾರೋ ಕೈಗೆ ರೊಟ್ಟಿ ಕೊಟ್ಟರು. ಮುರಿದರು. ಬಾಯಿಗೆ ಹೋಗಲಿಲ್ಲ. ಚಿಟಿಕೆಯಷ್ಟು ಪುಡಿ ಮಾಡಿ ಕೆರೆಗೆ ಹಾಕಿದರು.

"ನನ್ನ ಮಗಾ ಇವಕ್ಕ ಹಾಕಲಾರದ ತಾ ಉಣ್ಣತಿದ್ದಿಲ್ಲ," ಎಂದರು.

ಅದನ್ನು ನೋಡಿದ ಮೇಲೆ ಬಂದವರು ಯಾರು ಸುಮ್ಮನಿದ್ದಾರು? ಒಬ್ಬೊಬ್ಬರೂ ಕಣ್ಣೊರೆಸಿಕೊಂಡರು, ಒಬ್ಬೊಬ್ಬರೂ ಒಂದು ಚೂರು ಹಾಕಿದರು. ರೊಟ್ಟಿ ಆಯಿತು, ಅನ್ನ ಆಯಿತು, ನರಗುಂದದ ಬೀಗರು ದೊಡ್ಡ ಮನಸ್ಸು ಮಾಡಿ ಅರ್ಧ ಹೋಳಿಗೆಯನ್ನೇ ತೇಲಿಬಿಟ್ಟರು. ಮುತ್ತಣ್ಣ ದಿನಕ್ಕೆ ಹಾಕುತ್ತಿದ್ದದ್ದು ಒಂದು ಚಿಟಿಕೆ. ಮೂಗಿಗೆ ನಶ್ಯ ಏರಿಸುವಷ್ಟು. ಮೂರೂ ತಾಲೂಕಿನ ಪ್ರೀತಿ ಆ ಮೂರು ಫೂಟಿನ ಕೆರೆಗೆ ಬಿತ್ತು. ನೀರು ಅಕ್ಕಿ ತೊಳೆದ ನೀರಾಯಿತು. ಕೊಳೆತ ಅನ್ನ ನೀರಿನ ಉಸಿರು ತಿಂದಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು.

ಹೊನ್ನವ್ವ ಅದನ್ನು ನೋಡಿದರು. "ಅಯ್ಯ, ನೋಡ್ರವಾ, ಬಾಯಿ ತಗೀತಾವ. ಹಸದಾವ ಕೂಸುಗಳು," ಎಂದರು.

ಮತ್ತೆ ಹಾಕಿದರು.

ವೈನಿಗೆ ಗೊತ್ತಿತ್ತು, ಅದು ಹಸಿವೆಯಲ್ಲ ಎಂದು. ಇಷ್ಟು ವರ್ಷ ಆ ಮನುಷ್ಯನ ಪಾಠ ಅಡುಗೆಮನೆಗೆ ಕೇಳಿಸದೆ ಇದ್ದೀತೇ? ನಿನ್ನೆ ನನ್ನನ್ನು ಬಾಗಿಲಿಗೆ ಕರೆದರು. "ಸರ, ನಮ್ಮ ಅತ್ತಿಯವರಿಗೆ ನಾ ಹ್ಯಾಂಗ ಹೇಳ್ಲಿ? ಮಗಗ ನೀಡಿದ ಕೈ ಅದು. ಇನ್ನ ಯಾರಿಗೆ ನೀಡಬೇಕ್ರಿ ಅವರು? ಹೇಳದಿದ್ರ ಇವು ಸಾಯ್ತಾವ. ಇವೂ ಹೋದ್ರ... ಮುಂಜಾನೆದ್ದು ನಾ ಯಾವ ಕಡೆ ನೋಡ್ಲಿ?"

ನಾನು ಮಾತು ಮಾರಿಕೊಂಡು ಬದುಕುವವನು. ವಾರಪತ್ರಿಕೆಯಲ್ಲಿ ಜಗತ್ತಿನ ಯಾವ ವಿಷಯದ ಮೇಲಾದರೂ ಒಂದು ಪುಟ ಬರೆಯುತ್ತೇನೆ. ಆದರೆ ವೈನಿ ಕೇಳಿದ್ದು ಬರೆದು ಮುಗಿಸುವ ವಿಷಯವಲ್ಲ.

ಅದಕ್ಕೇ ಇಂದು ಮುಂಜಾನೆ ಬಕೆಟು ಹಿಡಿದೆ. ತಳದಲ್ಲಿ ಸೇರಿದ್ದ ಅನ್ನ, ರೊಟ್ಟಿ, ಹೋಳಿಗೆ ಎಲ್ಲ ಎಳೆದು ತೆಗೆಯಬೇಕಿತ್ತು. ಪೈಪನ್ನು ಬಾಯಿಂದ ಎಳೆಯುವವರು ಯಾರು? ನನ್ನ ಉಸಿರು ಸಾಲಲಿಲ್ಲ. ಶಬಾನಾ ಟೀಚರ್ ಉಸಿರೂ ಸಾಲಲಿಲ್ಲ. ಕೊನೆಗೆ ವೈನಿ ಸೆರಗು ಸಿಕ್ಕಿಸಿಕೊಂಡು, ಅವನು ಕೂತ ಮಣೆಯ ಮೇಲೆಯೇ ಕೂತು ಎಳೆದರು. ಒಂದು ಬಾಯಿ ತುಂಬ ಕೆರೆಯ ನೀರು ಒಳಗೆ ಹೋಯಿತು! ಕೆಮ್ಮಿದರು, ಉಗುಳಿದರು, ಬಾಯಿ ಒರೆಸಿಕೊಂಡು ಹೇಳಿದರು —

"ಇದನ್ನ ಕುಡದ ಬಾಯಿಲೆ ನನ್ನ ಚಾ ಸಪ್ಪಗ ಆಗೈತಿ ಅಂತಿದ್ರಲ್ಲ! ಥೂ ನಿಮ್ಮ!"

ಆಮೇಲೆ ನಕ್ಕರು. ಅವನು ಹೋದ ಮೇಲೆ ಆ ಮನೆಯಲ್ಲಿ ಮೊದಲ ನಗು. ನಗುತ್ತ ನಗುತ್ತ ಅದು ಅಳುವಾಯಿತು. ಪೈಪು ಹರಿಯುತ್ತಿತ್ತು. ಬಕೆಟು ತುಂಬುವ ಮೊದಲು ಈ ಸಲ ಪೈಪು ಎತ್ತಬೇಕು, ಅದೊಂದೇ ನನ್ನ ತಲೆಯಲ್ಲಿತ್ತು. ಎತ್ತಿದೆ. ಚೆಲ್ಲಲಿಲ್ಲ.

ನೀರು ಇನ್ನೂ ತಿಳಿಯಾಗಿಲ್ಲ. ಆದರೆ ಮೀನುಗಳು ಮೇಲಿನಿಂದ ಇಳಿದಿವೆ. ಗಿಡಗಳ ನಡುವೆ ಓಡಾಡುತ್ತಿವೆ. ಇವತ್ತು, ನಾಳೆ ತಡೆದರೆ ಉಳಿಯುತ್ತವೆ. ಇವತ್ತು ಮತ್ತೆ ಬುತ್ತಿ ಬಿದ್ದರೆ ಉಳಿಯುವುದಿಲ್ಲ. ಈ ಸಭೆ ಮುಗಿದ ಕೂಡಲೇ ನಾವೆಲ್ಲ ಆ ಮನೆಗೆ ಊಟಕ್ಕೆ ಹೋಗುವವರು. ಪಡಸಾಲೆ ದಾಟಿಯೇ ಹೋಗಬೇಕು. ಕೆರೆಯ ಮುಂದೆಯೇ ಹಾಯಬೇಕು.

ಯವ್ವಾ, ಹೊನ್ನವ್ವಾ. ಸಭೆಗೆ ಹೇಳುವ ಮೊದಲು ನಿಮಗೆ ಹೇಳುತ್ತೇನೆ. ಅವು ಬಾಯಿ ತೆರೆದದ್ದು ಹಸಿದು ಅಲ್ಲ, ಉಸಿರಿಗೆ. ನೀವು ತಿಪ್ಪೆ ಹಾಕಬೇಡ ಎಂದು ಅವನಿಗೆ ಬೈದಿದ್ದಿರಿ ನೋಡಿ, ಅದೇ ಮಾತು. ಆದರೂ ನೀವು ಹಾಕಿರಿ. ದಿನಕ್ಕೆ ಒಂದು ಚಿಟಿಕೆ. ಅವನು ಹಾಕುತ್ತಿದ್ದಷ್ಟು. ಆ ಕೆರೆಗೆ ಒಬ್ಬರ ಚಿಟಿಕೆಯನ್ನು ಅರಗಿಸುವ ಶಕ್ತಿ ಇದೆ, ಹಾಗೆಂದೇ ಅವನು ಅದನ್ನು ಹಣ್ಣು ಮಾಡಿದ್ದ. ಆ ಒಂದು ಚಿಟಿಕೆ ಇನ್ನು ನಿಮ್ಮದು. ಬೇರೆ ಯಾರದೂ ಅಲ್ಲ.

ಈಗ ಎಲ್ಲರೂ ಏಳೋಣ. ಸೀಟಿ ಇಲ್ಲ, "ಸಾವಧಾನ್" ಎನ್ನುವವನಿಲ್ಲ, ನಾವಾಗಿಯೇ ನೆಟ್ಟಗೆ ನಿಲ್ಲಬೇಕು. ಅವನ ಪಡಸಾಲೆಯಲ್ಲಿ ಎಲೆ ಬಿಚ್ಚುವಾಗ ನಿಲ್ಲುತ್ತಿದ್ದೆವಲ್ಲ, ಹಾಗೆ. ಒಂದು ನಿಮಿಷ, ಸದ್ದಿಲ್ಲದೆ.

ನಿಲ್ಲುವ ಮೊದಲು ಒಂದೇ ಒಂದು ಉಪಕಾರ. ಊಟವಾದ ಮೇಲೆ ತಟ್ಟೆಯಲ್ಲಿ ರೊಟ್ಟಿ ಉಳಿದರೆ ನೀವೇ ತಿನ್ನಿ, ಇಲ್ಲವೇ ಓಣಿಯ ದನಕ್ಕೆ ಕೊಡಿ. ಕೆರೆಯ ಮುಂದೆ ಹಾಯುವಾಗ ಎರಡೂ ಕೈ ಹಿಂದೆ ಕಟ್ಟಿಕೊಂಡು ಹಾಯಿರಿ. ಹೊನ್ನವ್ವನ ಚಿಟಿಕೆಗೆ ಜಾಗ ಉಳಿಯಲಿ.